ಘಟ್ಟ ಹತ್ತುವ ನೀಲಿಕಲ್ಲು: ಬೆಳಗಾವಿ, ಖಾನಾಪುರದ ಅಡುಗೆಮನೆಗಳಿಗೆ ಕೆಲವು ಮಾತು

ತಪಸ್ಸುಕಾಲ ಹತ್ತಿರ ಬಂದಂತೆ ನಮ್ಮ ಕರಾವಳಿಯ ಮನೆಗಳಿಗೆ ಘಟ್ಟದ ಮೇಲಿನಿಂದ ಫೋನ್ ಬರುವುದು ಹೆಚ್ಚಾಗುತ್ತದೆ. "ಈ ಸಲ ಬರುವಾಗ ನೀಲಿಕಲ್ಲು ತರ್ತೀರಾ?" ಎಂದು ಬೆಳಗಾವಿ ಕ್ಯಾಂಪಿನ ಬಂಧುಗಳು ಕೇಳುತ್ತಾರೆ. ಖಾನಾಪುರದ ಕಡೆಯವರಾದರೆ ಅದನ್ನೇ 'ಶಿಣಾಣ್ಯೊ' ಎಂದು ಗೋವೆಯ ಕೊಂಕಣಿಯಲ್ಲಿ ಕೇಳುತ್ತಾರೆ. ಮಂಗಳೂರಿನ ತುಳುವರಿಗೆ ಅದು ಪಚ್ಚಿಲೆ, ಕುಂದಾಪುರದಿಂದ ಉತ್ತರ ಕನ್ನಡದವರೆಗೆ ನೀಲಿಕಲ್ಲು, ಕಾಸರಗೋಡಿನ ಮಲಯಾಳಿ ನೆರೆಯವರಿಗೆ ಕಲ್ಲುಮ್ಮಕಾಯ ಅಥವಾ ಕಡುಕ್ಕ. ಹೆಸರು ಹಲವು, ಚಿಪ್ಪು ಒಂದೇ. ಬಂಡೆಗೆ ಅಂಟಿಕೊಂಡು ಬೆಳೆಯುವ, ಅಂಚಿನಲ್ಲಿ ಹಸಿರು ಹೊಳೆಯುವ, ಎರಡು ಹೋಳಿನ ಉದ್ದನೆಯ ಚಿಪ್ಪು ಅದು. ನದಿಮುಖದ ಮರಳಿನಲ್ಲಿ ಸಿಗುವ ದುಂಡಗಿನ ಬಳಚು ಅಥವಾ ಮರುವಾಯಿ ಬೇರೆಯೇ ಜಾತಿ. ಗೋವೆಯವರು ಅವುಗಳಿಗೆ ತಿಸ್ರ್ಯೊ, ಖುಬೆ ಎನ್ನುತ್ತಾರೆ. ಪೇಟೆಯಲ್ಲಿ ಕೇಳುವಾಗ ಈ ವ್ಯತ್ಯಾಸ ಗೊತ್ತಿದ್ದರೆ ಒಳ್ಳೆಯದು.

ಬೆಳಗಾವಿಗೂ ಸಮುದ್ರಕ್ಕೂ ಇರುವ ನಂಟು ಇಂದಿನದಲ್ಲ. ಬೆಳಗಾವಿ ಧರ್ಮಪ್ರಾಂತ್ಯ 1953ರಲ್ಲಿ ರಚನೆಯಾಗುವವರೆಗೆ ಆ ಭಾಗದ ಇಗರ್ಜಿಗಳು ಗೋವಾ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದವು. 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಪ್ರತ್ಯೇಕವಾಗುವವರೆಗೆ ಕಾರವಾರದ ಕಡಲತೀರವೂ ಬೆಳಗಾವಿಯ ಧರ್ಮಾಧ್ಯಕ್ಷರ ವ್ಯಾಪ್ತಿಯಲ್ಲೇ ಇತ್ತು. ಖಾನಾಪುರ ತಾಲೂಕಿನ ಎಷ್ಟೋ ಕ್ರೈಸ್ತ ಮನೆತನಗಳ ಬೇರು ಗೋವೆಯಲ್ಲಿದೆ. ಹೀಗಾಗಿ ಮನೆ ಘಟ್ಟದ ಮೇಲಿದ್ದರೂ ನಾಲಿಗೆ ಕಡಲ ರುಚಿಯನ್ನು ಬಿಟ್ಟಿಲ್ಲ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿನಲ್ಲಿ ಒಂದು ದಾರಿ, ಲೋಂಡಾ ದಾಟಿ ಅನಮೋಡ ಘಾಟಿನಲ್ಲಿ ಇನ್ನೊಂದು ದಾರಿ. ಎರಡೂ ಖಾನಾಪುರ ತಾಲೂಕಿನ ಕಾಡಿನಲ್ಲೇ ಹಾದು ಗೋವೆಗೆ ಇಳಿಯುತ್ತವೆ. ಮೀನು ಬರುವುದು ಹೆಚ್ಚಾಗಿ ಈ ದಾರಿಗಳಲ್ಲೇ.

ಆದರೆ ಮೀನು ತಂದ ಹಾಗೆ ನೀಲಿಕಲ್ಲು ತರಲಾಗದು. ಅದಕ್ಕಾಗಿಯೇ ಈ ಲೇಖನ. ಸತ್ತ ಬಂಗಡೆಯನ್ನು ಮಂಜುಗಡ್ಡೆಯಲ್ಲಿ ಇಟ್ಟು ಮರುದಿನ ಬೇಯಿಸಿದರೂ ನಡೆಯುತ್ತದೆ. ಚಿಪ್ಪಿನ ಪ್ರಾಣಿ ಹಾಗಲ್ಲ, ಅದು ಪಾತ್ರೆಗೆ ಬೀಳುವವರೆಗೂ ಜೀವಂತ ಇರಬೇಕು. ಸತ್ತ ಕೂಡಲೇ ಚಿಪ್ಪಿನೊಳಗಿನ ಮಾಂಸ ಬಹಳ ಬೇಗ ಕೆಡುತ್ತದೆ.

ನಾವೇ ಒಮ್ಮೆ ಈ ತಪ್ಪು ಮಾಡಿದ್ದೇವೆ. ಗೋವೆಯಲ್ಲಿ ಮೂರು ಕಿಲೋ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಗಂಟು ಹಾಕಿ, ಮೇಲೆ ಮಂಜುಗಡ್ಡೆ ಸುರಿದು ಡಿಕ್ಕಿಯಲ್ಲಿ ಇಟ್ಟೆವು. ಖಾನಾಪುರ ತಲುಪುವಷ್ಟರಲ್ಲಿ ಮಂಜು ಕರಗಿ ಚಿಪ್ಪುಗಳೆಲ್ಲ ಸಿಹಿನೀರಿನಲ್ಲಿ ಮುಳುಗಿದ್ದವು. ಅರ್ಧಕ್ಕಿಂತ ಹೆಚ್ಚು ಬಾಯಿ ತೆರೆದುಕೊಂಡಿದ್ದವು, ಮುಟ್ಟಿದರೂ ಮುಚ್ಚಲಿಲ್ಲ. ಮನೆಯ ಹಿರಿಯ ಬಾಯಿ ಮೂಸಿ ನೋಡಿದವರೇ ಒಂದೇ ಮಾತು ಹೇಳಿದರು: "ಹೊರಗೆ ಹಾಕಿ, ಗುಂಡಿ ತೋಡಿ ಮುಚ್ಚಿ." ದುಡ್ಡು ಹೋಯಿತೆಂದು ನಮಗೆ ಬೇಸರವಾಯಿತು. ಉಳಿದ ಅರ್ಧವನ್ನಾದರೂ ಆರಿಸೋಣ ಎಂದೆವು. ಅವರು ಒಪ್ಪಲಿಲ್ಲ. ಅವರೇ ಸರಿ ಎಂದು ಆಮೇಲೆ ತಿಳಿಯಿತು.

ತರುವ ಬಗೆ

ನೀಲಿಕಲ್ಲು ಉಪ್ಪುನೀರಿನ ಜೀವಿ. ಸಿಹಿನೀರು ಅದನ್ನು ಕೊಲ್ಲುತ್ತದೆ. ಗಾಳಿಯಾಡದ ಚೀಲದಲ್ಲಿ ಉಸಿರು ಕಟ್ಟಿ ಸಾಯುತ್ತದೆ. ತಂಪು ಮತ್ತು ತೇವ ಇದ್ದರೆ ಮಾತ್ರ ಬಾಯಿ ಬಿಗಿದುಕೊಂಡು, ಒಳಗಿನ ಸ್ವಲ್ಪ ಕಡಲ ನೀರನ್ನು ಹಿಡಿದಿಟ್ಟುಕೊಂಡು, ಒಂದು ದಿನದ ಮಟ್ಟಿಗೆ ಬದುಕಿರುತ್ತದೆ. ಬಂಡೆಯ ಮೇಲೆ ಇಳಿತದ ಸಮಯದಲ್ಲಿ ಬಿಸಿಲಿಗೆ ಒಡ್ಡಿಕೊಂಡು ಗಂಟೆಗಟ್ಟಲೆ ಬದುಕುವ ಅಭ್ಯಾಸ ಅದಕ್ಕಿದೆ.

ಆದ್ದರಿಂದ ಥರ್ಮೊಕೋಲ್ ಡಬ್ಬಿಯ ತಳದಲ್ಲಿ ಐಸ್ ಪ್ಯಾಕ್ ಅಥವಾ ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿ ಇಡಿ. ಕರಗಿದ ನೀರು ಚಿಪ್ಪಿಗೆ ತಾಗಬಾರದು, ಹಾಗಾಗಿ ಬಿಡಿ ಮಂಜುಗಡ್ಡೆ ಬೇಡ. ಅದರ ಮೇಲೆ ಮಡಿಸಿದ ಗೋಣಿಚೀಲ, ಗೋಣಿಯ ಮೇಲೆ ನೀಲಿಕಲ್ಲು, ಅದರ ಮೇಲೆ ಕಡಲ ನೀರಿನಲ್ಲಿ ಅಥವಾ ಉಪ್ಪುನೀರಿನಲ್ಲಿ ಅದ್ದಿ ಹಿಂಡಿದ ಇನ್ನೊಂದು ಗೋಣಿ. ಮುಚ್ಚಳ ಪೂರ್ತಿ ಬಿಗಿಯಬೇಡಿ, ಬೆರಳು ತೂರುವಷ್ಟು ಸಂದಿ ಇರಲಿ. ಬೆಳಿಗ್ಗೆ ಬೇಗ ಕೊಂಡು ಮಧ್ಯಾಹ್ನದೊಳಗೆ ಮನೆ ಸೇರುವಂತೆ ಹೊರಡಿ. ಮಾರ್ಚ್ ಏಪ್ರಿಲ್‌ನ ಬಿಸಿಲಿನಲ್ಲಿ ದಾರಿಯಲ್ಲಿ ಊಟಕ್ಕೆಂದು ಗಾಡಿ ನಿಲ್ಲಿಸಿದರೆ ಡಬ್ಬಿಯನ್ನು ನೆರಳಿಗೆ ತನ್ನಿ.

ಮನೆಗೆ ಬಂದ ಮೇಲೂ ಬಕೆಟ್ ನೀರಿನಲ್ಲಿ ಹಾಕಿಡಬಾರದು. ಅಗಲ ತಟ್ಟೆಯಲ್ಲಿ ಹರಡಿ, ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಇಡಿ, ಫ್ರೀಜರ್‌ನಲ್ಲಿ ಅಲ್ಲ. ಅದೇ ದಿನ ಬೇಯಿಸುವುದೇ ಉತ್ತಮ. ಬೆಳಗಾವಿ ಮಾರುಕಟ್ಟೆಯಲ್ಲೇ ಕೊಳ್ಳುವವರು, ಇವು ಎಲ್ಲಿಂದ ಬಂದವು, ಯಾವಾಗ ಬಂದವು ಎಂದು ಮಾರುವ ಮಾವಶಿಯನ್ನು ಸಂಕೋಚವಿಲ್ಲದೆ ಕೇಳಿ. ಚಿಪ್ಪಿಲ್ಲದೆ ಬಿಡಿಸಿಟ್ಟ ಮಾಂಸ ಅಗ್ಗವೆಂದು ಕಂಡರೂ ಅದು ಜೀವಂತ ಇತ್ತೋ ಸತ್ತಿತ್ತೋ ಎಂದು ಹೇಳುವ ದಾರಿಯೇ ಇಲ್ಲ. ಘಟ್ಟದ ಮೇಲೆ ನಾವಂತೂ ಅದನ್ನು ಕೊಳ್ಳುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ

ಚಿಪ್ಪಿನ ಅಡುಗೆಯ ಬಗ್ಗೆ ಬರೆಯುವವರು ಮಸಾಲೆಯ ವಿಷಯ ಹೇಳಿ ಮುಗಿಸುತ್ತಾರೆ. ನಾವು ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ.

ನೀಲಿಕಲ್ಲು ತಿನ್ನುವುದು ನೀರನ್ನು ಸೋಸಿ. ಒಂದೊಂದು ಚಿಪ್ಪು ಗಂಟೆಗಟ್ಟಲೆ ನೀರನ್ನು ಒಳಗೆಳೆದು, ಅದರಲ್ಲಿ ತೇಲುವ ಕಣ್ಣಿಗೆ ಕಾಣದ ಪಾಚಿಜೀವಿಗಳನ್ನು ಹಿಡಿದು, ನೀರನ್ನು ಹೊರಬಿಡುತ್ತದೆ. ಒಳ್ಳೆಯ ನೀರಿನಲ್ಲಿ ಇದ್ದರೆ ಒಳ್ಳೆಯ ಮಾಂಸ. ಊರಿನ ಕೊಳಚೆ ಬೀಳುವ ಕಡೆ ಇದ್ದರೆ ಆ ಕೊಳಚೆಯ ರೋಗಾಣುಗಳೂ ಅದರ ಹೊಟ್ಟೆಯಲ್ಲೇ ಶೇಖರವಾಗುತ್ತವೆ. ವಾಂತಿಭೇದಿ, ಕಾಮಾಲೆ (ಹೆಪಟೈಟಿಸ್ ಎ) ಬರುವುದು ಹೀಗೆ. ಇವುಗಳಿಗೆ ಚೆನ್ನಾಗಿ ಬೇಯಿಸುವುದೇ ಮದ್ದು.

ಇನ್ನೊಂದು ಅಪಾಯಕ್ಕೆ ಬೇಯಿಸುವುದು ಮದ್ದಲ್ಲ. ಕೆಲವು ಕಾಲದಲ್ಲಿ ಸಮುದ್ರದಲ್ಲಿ ಒಂದು ಬಗೆಯ ವಿಷಪಾಚಿ ವಿಪರೀತ ಹೆಚ್ಚುತ್ತದೆ. ನೀರು ಕೆಂಪಗೆ ಕಾಣಬಹುದು, ಕಾಣದೆಯೂ ಇರಬಹುದು. ಅದನ್ನು ತಿಂದ ಚಿಪ್ಪಿಗೆ ಏನೂ ಆಗುವುದಿಲ್ಲ, ಆದರೆ ಅದನ್ನು ತಿಂದ ಮನುಷ್ಯನ ನರಗಳು ಸ್ತಬ್ಧವಾಗುತ್ತವೆ. ಈ ವಿಷ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಹುಳಿ ಹಾಕಿದರೂ, ವಿನೆಗರ್ ಹಾಕಿದರೂ ಅಷ್ಟೇ. ರುಚಿ, ವಾಸನೆ ಯಾವುದರಲ್ಲೂ ಗೊತ್ತಾಗದು. ಅಂತರರಾಷ್ಟ್ರೀಯ ಮಾನದಂಡದಲ್ಲಿ ಒಂದು ಕಿಲೋ ಮಾಂಸಕ್ಕೆ 0.8 ಮಿಲಿಗ್ರಾಂ ಮಾತ್ರ ಮಿತಿ, ಎಂದರೆ ಅಷ್ಟು ಸಣ್ಣ ಪ್ರಮಾಣವೇ ಲೆಕ್ಕಕ್ಕೆ ಬರುತ್ತದೆ.

ಇದು ದೂರದ ದೇಶದ ಕಥೆಯಲ್ಲ. 1983ರ ಏಪ್ರಿಲ್‌ನಲ್ಲಿ ಮಂಗಳೂರಿನ ದಕ್ಷಿಣಕ್ಕಿರುವ, ಈಗ ಕಾಸರಗೋಡು ಜಿಲ್ಲೆಗೆ ಸೇರಿದ ಕುಂಬಳೆಯಲ್ಲಿ ಅಳಿವೆಯ ಮರುವಾಯಿ ತಿಂದು ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಅದಕ್ಕೆ ಎರಡು ವರ್ಷ ಮೊದಲು, 1981ರಲ್ಲಿ ತಮಿಳುನಾಡಿನಲ್ಲಿ ಇಂಥದ್ದೇ ಘಟನೆಯಲ್ಲಿ ಮೂವರು ಸತ್ತಿದ್ದರು. 1997ರಲ್ಲಿ ಕೇರಳದ ವಿಳಿಞಂನಲ್ಲಿ ಬಂಡೆಯ ಕಂದು ಚಿಪ್ಪು ತಿಂದು ಏಳು ಮಂದಿ ಪ್ರಾಣ ಕಳೆದುಕೊಂಡರು, ಐನೂರಕ್ಕೂ ಹೆಚ್ಚು ಜನ ಆಸ್ಪತ್ರೆಗೆ ದಾಖಲಾದರು. ಇವರೆಲ್ಲ ಕಡಲ ಮಗ್ಗುಲಲ್ಲೇ ಹುಟ್ಟಿ ಬೆಳೆದವರು, ಚಿಪ್ಪು ಬೇಯಿಸಲು ಬಾರದವರಲ್ಲ.

ಹೆದರಿಸಲು ಇದನ್ನು ಬರೆಯುತ್ತಿಲ್ಲ. ಇಂಥದ್ದು ಅಪರೂಪ. ಆದರೆ ಘಟ್ಟದ ಮೇಲಿನವರಿಗೆ ಒಂದು ಕೊರತೆಯಿದೆ. ಕಡಲತೀರದ ಊರಿನಲ್ಲಿ "ಈ ವಾರ ನೀರು ಸರಿಯಿಲ್ಲ, ಚಿಪ್ಪು ತೆಗೆಯುತ್ತಿಲ್ಲ" ಎಂಬ ಸುದ್ದಿ ಮೀನುಗಾರರ ಬಾಯಿಂದ ಬಾಯಿಗೆ ಹರಡುತ್ತದೆ. ಬೆಳಗಾವಿಗೆ ಆ ಸುದ್ದಿ ಬರುವುದಿಲ್ಲ, ಚಿಪ್ಪು ಮಾತ್ರ ಬರುತ್ತದೆ. ಹಾಗಾಗಿ ತರಿಸುವ ಮೊದಲು ಕರಾವಳಿಯ ಪರಿಚಯದವರಿಗೆ ಒಂದು ಫೋನ್ ಮಾಡಿ ಕೇಳಿ. ನೀರಿನ ಬಣ್ಣ ಬದಲಾಗಿದೆ, ಮೀನು ಸತ್ತು ದಡಕ್ಕೆ ಬರುತ್ತಿದೆ ಎಂದರೆ ಆ ಸಲ ಬಿಟ್ಟುಬಿಡಿ. ಬಂದರಿನ ಗೋಡೆ, ಚರಂಡಿ ಸೇರುವ ಅಳಿವೆ, ಹಡಗು ನಿಲ್ಲುವ ಜಾಗದ ಚಿಪ್ಪು ಎಷ್ಟೇ ದಪ್ಪವಾಗಿ ಕಂಡರೂ ಬೇಡ.

ತಿಂದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ತುಟಿ, ನಾಲಿಗೆ, ಬೆರಳ ತುದಿ ಜುಮುಜುಮು ಎನ್ನಲು ಅಥವಾ ಮರಗಟ್ಟಲು ಶುರುವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಚಿಪ್ಪು ತಿಂದ ವಿಷಯವನ್ನು ಮೊದಲೇ ಹೇಳಿ. ಇದಕ್ಕೆ ಪ್ರತಿವಿಷದ ಔಷಧಿ ಇಲ್ಲ. ಉಸಿರಾಟಕ್ಕೆ ಯಂತ್ರದ ನೆರವು ಕೊಟ್ಟು ವಿಷ ಮೈಯಿಂದ ಇಳಿಯುವವರೆಗೆ ಕಾಯುವುದೇ ಚಿಕಿತ್ಸೆ. ಸಮಯಕ್ಕೆ ಸರಿಯಾಗಿ ಹೋದವರು ಬದುಕುತ್ತಾರೆ. ಖಾನಾಪುರದ ಒಳಹಳ್ಳಿಯವರಿಗೆ ಬೆಳಗಾವಿಯ ಆಸ್ಪತ್ರೆ ತಲುಪಲು ಹೊತ್ತು ಹಿಡಿಯುತ್ತದೆ, ಹಾಗಾಗಿ ತಡ ಮಾಡುವಂತಿಲ್ಲ. ಸಿಗಡಿ, ಏಡಿ ಆಗದವರು, ಲಿವರ್ ಕಾಯಿಲೆ ಇರುವವರು ಚಿಪ್ಪಿನಿಂದ ದೂರ ಇರುವುದು ವಾಸಿ. ಗರ್ಭಿಣಿಯರು ಬೇಯಿಸುವುದರಲ್ಲಿ ಸ್ವಲ್ಪವೂ ರಾಜಿ ಮಾಡಿಕೊಳ್ಳಬಾರದು.

ತೊಳೆದು ಬೇಯಿಸುವುದು

ನಾಲ್ಕೈದು ಮಂದಿಯ ಮನೆಗೆ ಒಂದೂವರೆಯಿಂದ ಎರಡು ಕಿಲೋ ಬೇಕು. ಚಿಪ್ಪಿನ ತೂಕವೇ ಹೆಚ್ಚು. ಬೇಯಿಸಿದ ಮೇಲೆ ಸಿಗುವ ಮಾಂಸ ಸುಮಾರು ಕಾಲುಭಾಗ, ಒಳ್ಳೆಯ ಕಾಲದಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ.

ಮೊದಲು ಆರಿಸಿ. ಒಡೆದದ್ದನ್ನು ಎಸೆಯಿರಿ. ಬಾಯಿ ತೆರೆದದ್ದನ್ನು ಇನ್ನೊಂದು ಚಿಪ್ಪಿನಿಂದ ಮೆಲ್ಲನೆ ತಟ್ಟಿ ಒಂದೆರಡು ನಿಮಿಷ ನೋಡಿ. ಮುಚ್ಚಿಕೊಂಡರೆ ಜೀವ ಇದೆ, ಮುಚ್ಚದಿದ್ದರೆ ಎಸೆಯಿರಿ. ಗಾತ್ರಕ್ಕೆ ಮೀರಿ ಭಾರವಾಗಿರುವುದು ಕೆಸರು ತುಂಬಿದ ಖಾಲಿ ಚಿಪ್ಪಾಗಿರಬಹುದು. ಒಂದೇ ಒಂದು ಅಂಥದ್ದು ಪಾತ್ರೆಯಲ್ಲಿ ತೆರೆದುಕೊಂಡರೆ ಇಡೀ ಅಡುಗೆ ಹಾಳು. ಆಮೇಲೆ ಹರಿಯುವ ನಲ್ಲಿ ನೀರಿನಡಿ ತೆಂಗಿನ ನಾರಿನಿಂದ ತಿಕ್ಕಿ, ಮೇಲೆ ಅಂಟಿದ ಸುಣ್ಣದಂಥ ಗಂಟುಗಳನ್ನು ಚಾಕುವಿನ ಬೆನ್ನಿನಿಂದ ಕೆರೆಯಿರಿ. ಬಂಡೆಗೆ ಅಂಟಿಕೊಳ್ಳಲು ಅದು ಹೊರಗೆ ಬಿಟ್ಟಿರುವ ನಾರಿನ ಗಡ್ಡವನ್ನು ಚಿಪ್ಪಿನ ಚೂಪು ತುದಿಯ ಕಡೆಗೆ ಎಳೆದು ಕೀಳಬೇಕು. ಗಡ್ಡ ಕಿತ್ತ ಮೇಲೆ ಅದು ಹೆಚ್ಚು ಹೊತ್ತು ಬದುಕುವುದಿಲ್ಲ, ಆದ್ದರಿಂದ ಈ ಕೆಲಸ ಒಲೆ ಹಚ್ಚುವ ಮುಂಚೆಯೇ ಆಗಬೇಕು, ಹಿಂದಿನ ರಾತ್ರಿ ಅಲ್ಲ.

ಅಗಲ ಬಾಯಿಯ ಪಾತ್ರೆಗೆ ಅರ್ಧ ಲೋಟ ನೀರು ಹಾಕಿ, ಉಪ್ಪು ಹಾಕದೆ, ಜೋರು ಉರಿಯಲ್ಲಿ ಮುಚ್ಚಿ ಬೇಯಿಸಿ. ಒಂದರ ಮೇಲೊಂದು ರಾಶಿ ಹಾಕಿದರೆ ಕೆಳಗಿನವು ಬೆಂದು ಮೇಲಿನವು ಹಸಿಯಾಗಿ ಉಳಿಯುತ್ತವೆ, ಎರಡು ಸಲ ಬೇಯಿಸಿದರೂ ಸರಿಯೇ. ಮೂರು ನಾಲ್ಕು ನಿಮಿಷದಲ್ಲಿ ಬಾಯಿ ಬಿಡಲು ಶುರು. ಬಾಯಿ ಬಿಟ್ಟ ಕೂಡಲೇ ಇಳಿಸುವುದು ಹೋಟೆಲಿನವರ ರೂಢಿ, ಮಾಂಸ ಮೆತ್ತಗಿರಲಿ ಎಂದು. ನಮ್ಮ ಕಡಲಿನ ಚಿಪ್ಪಿಗೆ ಅದು ಸಾಲದು. ಬಾಯಿ ಬಿಟ್ಟ ಮೇಲೆ ಇನ್ನೂ ಮೂರರಿಂದ ಐದು ನಿಮಿಷ ಕುದಿಯಬೇಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ನೂರಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ. ಕರಾವಳಿಯ ಅಮ್ಮಂದಿರು ಹೇಳಿದ ಲೆಕ್ಕಕ್ಕೆ ಇನ್ನೊಂದು ನಿಮಿಷ ಸೇರಿಸಿಕೊಳ್ಳಿ. ಹಾಗೆಂದು ಕುಕ್ಕರಿಗೆ ಹಾಕಿ ಸೀಟಿ ಹೊಡೆಸಿದರೆ ರಬ್ಬರ್ ಅಗಿದ ಹಾಗಾಗುತ್ತದೆ.

ಬೆಂದ ಮೇಲೂ ಬಾಯಿ ತೆರೆಯದವನ್ನು ಎಸೆಯುವುದು ಹಳೆಯ ಕಟ್ಟಳೆ. ತೆರೆಯದ್ದೆಲ್ಲ ಕೆಟ್ಟದ್ದೇ ಆಗಿರಬೇಕಿಲ್ಲ ಎಂದು ಈಗ ಕೆಲವರು ಹೇಳುತ್ತಾರೆ. ಇರಬಹುದು. ಸಮುದ್ರದಿಂದ ನೂರು ಕಿಲೋಮೀಟರ್ ದೂರದಲ್ಲಿ ಕುಳಿತು ನಾಲ್ಕು ಚಿಪ್ಪಿಗಾಗಿ ಆ ಪರೀಕ್ಷೆ ಮಾಡುವ ಅಗತ್ಯ ನಮಗೆ ಕಾಣುವುದಿಲ್ಲ.

ಬಿಡಿಸುವಾಗ ಕೆಲವು ಕಿತ್ತಳೆ ಬಣ್ಣ, ಕೆಲವು ಬಿಳಿ. ಬಿಳಿಯದು ಹಳಸಿದೆ ಎಂದು ಹೊಸದಾಗಿ ಅಡುಗೆಮನೆ ಸೇರಿದವರು ಪಕ್ಕಕ್ಕಿಡುವುದನ್ನು ನೋಡಿದ್ದೇವೆ. ಕಿತ್ತಳೆಯದು ಹೆಣ್ಣು, ಕೆನೆಬಿಳಿಯದು ಗಂಡು, ಅಷ್ಟೇ. ದೊಡ್ಡ ಚಿಪ್ಪಾದರೆ ನಡುವಿನ ಕಪ್ಪು ಹೊಟ್ಟೆಯ ಭಾಗವನ್ನು ಹಿಚುಕಿ ತೆಗೆದರೆ ಮರಳು ಹಲ್ಲಿಗೆ ಸಿಗುವುದಿಲ್ಲ. ಇದರಿಂದ ಮೇಲೆ ಹೇಳಿದ ವಿಷವೂ ಹೋಗುತ್ತದೆ ಎಂದು ನಂಬಬೇಡಿ. ಪಾತ್ರೆಯಲ್ಲಿ ಉಳಿದ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಇಟ್ಟುಕೊಳ್ಳಿ. ಸಾರಿನ ರುಚಿಯೆಲ್ಲ ಅದರಲ್ಲೇ ಇದೆ, ಉಪ್ಪೂ ಅದರಲ್ಲೇ ಇದೆ.

ಸುಕ್ಕ, ರವೆ ಫ್ರೈ, ಮತ್ತೆ ಕಾಸರಗೋಡಿನ ಬಗೆ

ನಮ್ಮ ಮನೆಗಳಲ್ಲಿ ಸುಕ್ಕವೇ ಮೊದಲು. ಎರಡು ಕಿಲೋ ಚಿಪ್ಪಿನ ಮಾಂಸಕ್ಕೆ ಎಂಟು ಹತ್ತು ಬ್ಯಾಡಗಿ ಮೆಣಸಿನಕಾಯಿ, ಒಂದು ದೊಡ್ಡ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ನಾಲ್ಕು ಕಾಳು ಮೆಂತೆ ಇವನ್ನು ಬೇರೆ ಬೇರೆಯಾಗಿ ಹುರಿದು, ಐದಾರು ಎಸಳು ಬೆಳ್ಳುಳ್ಳಿ ಮತ್ತು ಅರಿಶಿನದ ಜೊತೆ ಅರೆಯಿರಿ. ಒಂದು ಕಾಯಿಯ ತುರಿಯನ್ನು ಕೊನೆಗೆ ಹಾಕಿ ತರಿತರಿಯಾಗಿ ತಿರುಗಿಸಿ, ನುಣ್ಣಗಾದರೆ ಅದು ಸುಕ್ಕವಲ್ಲ, ಗಸಿ. ಕೊಬ್ಬರಿ ಎಣ್ಣೆಯಲ್ಲಿ ಈರುಳ್ಳಿ ಕೆಂಪಗಾದ ಮೇಲೆ ಮಸಾಲೆ, ಸೋಸಿಟ್ಟ ನೀರು ಅರ್ಧ ಲೋಟ, ಹುಳಿಗೆ ನಾಲ್ಕೈದು ಎಸಳು ಮುರುಗಲು. ಖಾನಾಪುರದ ಕಾಡಿನಲ್ಲಿ ಮುರುಗಲು ಬೆಳೆಯುತ್ತದೆ, ಮನೆಮನೆಯಲ್ಲಿ ಒಣಗಿಸಿಟ್ಟ ಆಮಸೂಲ್ ಇರುತ್ತದೆ. ಹುಣಸೆಗಿಂತ ಅದೇ ಚಿಪ್ಪಿಗೆ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ, ಮಂಗಳೂರಿನವರು ಜಗಳಕ್ಕೆ ಬರಬಹುದು. ಮಸಾಲೆಯ ಹಸಿ ವಾಸನೆ ಹೋದ ಮೇಲೆ ಮಾಂಸ ಹಾಕಿ, ನೀರು ಇಂಗುವವರೆಗೆ ಮಗುಚಿ ಇಳಿಸಿ. ಉಪ್ಪನ್ನು ರುಚಿ ನೋಡಿ ಕಡೆಗೆ ಹಾಕಿ. ಇಂದ್ರಾಯಣಿ ಅಕ್ಕಿಯ ಬಿಸಿ ಅನ್ನಕ್ಕೂ ಸರಿ, ಪಾವ್ ಜೊತೆಗೂ ಸರಿ.

ಗೋವೆಯ ರವೆ ಫ್ರೈ ಇನ್ನೂ ಸುಲಭ. ಬೆಂದ ಮಾಂಸದ ನೀರು ಒರೆಸಿ, ಅರಿಶಿನ, ಮೆಣಸಿನ ಪುಡಿ, ಸ್ವಲ್ಪ ವಿನೆಗರ್ ಅಥವಾ ಲಿಂಬೆ ಸವರಿ ಹತ್ತು ನಿಮಿಷ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಎರಡೂ ಬದಿ ಕೆಂಪಾಗುವವರೆಗೆ ಹುರಿಯುವುದು. ಮಕ್ಕಳು ಇದನ್ನು ತಿಂದಷ್ಟು ಬೇರೆ ಯಾವುದನ್ನೂ ತಿನ್ನುವುದಿಲ್ಲ.

ಕಾಸರಗೋಡಿನ ಕಡೆಯ 'ಅರಿಕಡುಕ್ಕ' ಮಾತ್ರ ಬಿಡುವಿದ್ದ ದಿನದ ಅಡುಗೆ. ನೆನೆಸಿದ ಕುಚ್ಚಲಕ್ಕಿಯನ್ನು ಕಾಯಿತುರಿ, ಸಣ್ಣ ಈರುಳ್ಳಿ, ಜೀರಿಗೆ, ಸೋಂಪಿನ ಜೊತೆ ಗಟ್ಟಿಯಾಗಿ ಅರೆದು, ಹಸಿ ಚಿಪ್ಪನ್ನು ಚಾಕುವಿನಿಂದ ಬಿಡಿಸಿ ಮಾಂಸದ ಜೊತೆಗೇ ತುಂಬಿ, ಹಬೆಯಲ್ಲಿ ಬೇಯಿಸಿ, ಆಮೇಲೆ ಚಿಪ್ಪು ತೆಗೆದು ಮೆಣಸಿನ ಮಸಾಲೆ ಸವರಿ ಎಣ್ಣೆಯಲ್ಲಿ ಹುರಿಯುತ್ತಾರೆ. ಆ ಜಿಲ್ಲೆಯ ಪಡನ್ನ, ಚೆರುವತ್ತೂರು ಸುತ್ತಿನ ಹಿನ್ನೀರಿನಲ್ಲಿ ಹಗ್ಗಕ್ಕೆ ಮರಿಚಿಪ್ಪು ಕಟ್ಟಿ ಬೆಳೆಸುವ ಕೃಷಿ 1990ರ ದಶಕದಿಂದ ನಡೆದಿದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕಲಿಸಿದ ಈ ವಿದ್ಯೆಯನ್ನು ಮಹಿಳೆಯರ ಸ್ವಸಹಾಯ ಗುಂಪುಗಳೇ ಮುಂದೆ ನಿಂತು ನಡೆಸಿದವು. ಮಳೆಗಾಲ ಮುಗಿದ ಮೇಲೆ ನವೆಂಬರ್ ಡಿಸೆಂಬರ್‌ನಲ್ಲಿ ಕಟ್ಟಿದರೆ, ಮುಂದಿನ ಮಳೆಗೆ ಮೊದಲು ಏಪ್ರಿಲ್ ಮೇ ಹೊತ್ತಿಗೆ ಕೊಯ್ಲು. ಮಳೆ ಬಿದ್ದು ಹಿನ್ನೀರು ಸಿಹಿಯಾದರೆ ಚಿಪ್ಪು ಉಳಿಯುವುದಿಲ್ಲ. ಬಂಡೆಯ ಚಿಪ್ಪು ತೆಗೆಯುವುದೂ ಹೆಚ್ಚಾಗಿ ಈ ಒಣ ತಿಂಗಳುಗಳಲ್ಲೇ. ಮೊದಲೇ ಹೇಳಿದ ಫೋನ್‌ಗಳು ತಪಸ್ಸುಕಾಲಕ್ಕೆ ಬರುವುದಕ್ಕೆ ಕಾರಣ ಇದೇ.

ಶುಕ್ರವಾರದ ಪ್ರಶ್ನೆ

ವಿಭೂತಿ ಬುಧವಾರ, ಶುಭ ಶುಕ್ರವಾರ ಮತ್ತು ತಪಸ್ಸುಕಾಲದ ಶುಕ್ರವಾರಗಳಂದು ಇದನ್ನು ತಿನ್ನಬಹುದೇ ಎಂದು ಧರ್ಮೋಪದೇಶದ ತರಗತಿಯ ಮಕ್ಕಳಿಂದ ಹಿಡಿದು ಅಜ್ಜಿಯಂದಿರವರೆಗೆ ಎಲ್ಲರೂ ಕೇಳುತ್ತಾರೆ. ಹದಿನಾಲ್ಕು ವರ್ಷ ತುಂಬಿದವರಿಗೆ ಧರ್ಮಸಭೆ ಹೇಳಿರುವ ವರ್ಜನೆ ಮಾಂಸದ್ದು. ಮೀನು ಮತ್ತು ಚಿಪ್ಪಿನ ಪ್ರಾಣಿಗಳು ಅದರಲ್ಲಿ ಬರುವುದಿಲ್ಲ. ಹಾಗಾದರೆ ಯಾಜಕಕಾಂಡದ 11ನೇ ಅಧ್ಯಾಯದಲ್ಲಿ ರೆಕ್ಕೆ, ಪರೆ ಇಲ್ಲದ ಜಲಚರಗಳನ್ನು ತಿನ್ನಬಾರದೆಂದು ಇದೆಯಲ್ಲ ಎಂದು ಓದಿಕೊಂಡವರು ಕೇಳುವುದುಂಟು. ಆ ಕಟ್ಟಳೆ ನಮ್ಮನ್ನು ಕಟ್ಟುವುದಿಲ್ಲ ಎಂಬುದಕ್ಕೆ ಪ್ರೇಷಿತರ ಕಾರ್ಯಕಲಾಪಗಳ 10ನೇ ಅಧ್ಯಾಯದಲ್ಲಿ ಸಂತ ಪೇತ್ರರಿಗಾದ ದರ್ಶನವನ್ನು ಓದಿದರೆ ಸಾಕು.

ಕಟ್ಟಳೆ ಮುರಿಯಲಿಲ್ಲ ಎಂಬುದು ಸರಿ. ಆದರೆ ಕೋಳಿಗಿಂತ ಮೂರು ಪಟ್ಟು ದುಡ್ಡು ಕೊಟ್ಟು ಗೋವೆಯಿಂದ ಚಿಪ್ಪು ತರಿಸಿ, ಶಿಲುಬೆಯ ಹಾದಿ ಮುಗಿಸಿ ಬಂದು ಹಬ್ಬದೂಟ ಮಾಡಿದರೆ ಅದು ಎಂಥ ತ್ಯಾಗ ಎಂದು ಒಬ್ಬ ಧರ್ಮಗುರುಗಳು ನಗುತ್ತಲೇ ನಮ್ಮನ್ನು ಕೇಳಿದ್ದರು. ನಮ್ಮ ಬಳಿ ಉತ್ತರ ಇರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ನೀಲಿಕಲ್ಲು ಭಾನುವಾರಕ್ಕೆ ಹೋಗಿದೆ, ಶುಕ್ರವಾರ ಗಂಜಿ, ಚಟ್ನಿ.

ಉಳಿದ ಸುಕ್ಕವನ್ನು ಬಿಸಿ ಆರಿದ ಕೂಡಲೇ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಕುದಿಸಿ ತಿಂದು ಮುಗಿಸಿ, ಮೂರನೆಯ ದಿನಕ್ಕೆ ಇಡಬೇಡಿ. ಖಾಲಿ ಚಿಪ್ಪುಗಳನ್ನು ಬೀದಿ ಬದಿಗೆ ಎಸೆದರೆ ನಾಯಿಗಳು ಎಳೆದಾಡಿ ನಾಲ್ಕು ಮನೆಗೆ ನಾತ ಹರಡುತ್ತವೆ. ತೊಳೆದು ಒಣಗಿಸಿ, ಕುಟ್ಟಿ ತೆಂಗಿನ ಬುಡಕ್ಕೆ ಹಾಕಿ. ಹಿಂದೆ ಕರಾವಳಿಯಲ್ಲಿ ಚಿಪ್ಪು ಸುಟ್ಟೇ ಗೋಡೆಗೆ ಸುಣ್ಣ ಮಾಡುತ್ತಿದ್ದರು.